ಆಜ್ಞಾವಾಕ್ಯದ ಅನ್ವಯ: ಸಿ ಭಾಷೆಯಲ್ಲಿ ಆಯ್ಕೆಗಳನ್ನು ಓದುವ ಕ್ರಮ

ಹಳಗನ್ನಡದ ಪದ್ಯವೊಂದನ್ನು ಕೈಗೆತ್ತಿಕೊಂಡಾಗ ನಾವು ತರಗತಿಯಲ್ಲಿ ಮೊದಲು ಪದಗಳನ್ನು ಬಿಡಿಸುತ್ತೇವೆ. ಬಳಿಕ ಯಾವ ಪದ ಯಾವುದಕ್ಕೆ ಸೇರುತ್ತದೆಂದು ಅನ್ವಯ ಮಾಡುತ್ತೇವೆ. ಅರ್ಥ ಹೇಳುವುದು ಆಮೇಲೆ. ಗಣಕಯಂತ್ರಕ್ಕೆ ಕೀಲಿಮಣೆಯಿಂದ ಬರೆದು ಕೊಡುವ ಒಂದು ಸಾಲಿನ ಆಜ್ಞೆಯೂ ಇದೇ ಮೂರು ಹಂತಗಳನ್ನು ದಾಟಿ ಕಾರ್ಯಗತವಾಗುತ್ತದೆ. ಸಿ ಭಾಷೆಯಲ್ಲಿ ಪ್ರೋಗ್ರಾಂ ಬರೆಯುವವರು ಎರಡನೆಯ ಹಂತವನ್ನು, ಅಂದರೆ ಅನ್ವಯವನ್ನು, ಹೇಗೆ ನಿರ್ವಹಿಸುತ್ತಾರೆಂಬುದು ಈ ಪಾಠದ ವಿಷಯ. ಐಚ್ಛಿಕ ಕನ್ನಡದವರಿಗೆ ಇದೇಕೆ ಎಂದು ನೀವು ಕೇಳಬಹುದು. ನಿಮ್ಮಲ್ಲಿ ಹಲವರು ಈಗಾಗಲೇ ಬೀಸುವ ಪದಗಳನ್ನೂ ಶಾಸನಪಾಠಗಳನ್ನೂ ಗಣಕಕ್ಕೆ ಏರಿಸುತ್ತಿದ್ದೀರಿ. ಅವುಗಳ ಪದಪಟ್ಟಿ ತಯಾರಿಸುವ ಸಣ್ಣ ಪ್ರೋಗ್ರಾಂಗಳನ್ನು ವಿಜ್ಞಾನ ವಿಭಾಗದ ಗೆಳೆಯರಿಂದ ಬರೆಸಿಕೊಳ್ಳುತ್ತಿದ್ದೀರಿ. ಆ ಪ್ರೋಗ್ರಾಂ ನಿಮ್ಮ ಮಾತನ್ನು ಹೇಗೆ ಓದುತ್ತದೆಂದು ತಿಳಿಯದಿದ್ದರೆ ಸಂಗ್ರಹವೇ ಕೈಬಿಟ್ಟು ಹೋಗಬಹುದು. ಹಾಗೆ ಹೋದದ್ದನ್ನು ಕಂಡವನು ನಾನು. ಅದನ್ನು ಮುಂದೆ ಹೇಳುತ್ತೇನೆ.

ಪದಗಳ ಗುಂಪು ಯಾವಾಗ ವಾಕ್ಯವಾಗುತ್ತದೆ ಎಂಬ ಪ್ರಶ್ನೆಗೆ ನಮ್ಮ ಶಾಸ್ತ್ರಕಾರರು ಮೂರು ನಿಬಂಧನೆಗಳನ್ನು ಹೇಳಿದ್ದಾರೆ: ಆಕಾಂಕ್ಷೆ, ಯೋಗ್ಯತೆ, ಸನ್ನಿಧಿ. ಮೂರನೆಯದನ್ನು ‘ಸಾಹಿತ್ಯದರ್ಪಣ’ದ ವಿಶ್ವನಾಥನು ಆಸತ್ತಿ ಎನ್ನುತ್ತಾನೆ. ಒಂದು ಪದ ಇನ್ನೊಂದನ್ನು ಬಯಸುವುದು ಆಕಾಂಕ್ಷೆ. ‘ತಂದನು’ ಎಂದರೆ ‘ಏನನ್ನು?’ ಎಂಬ ಪ್ರಶ್ನೆ ತಾನಾಗಿ ಏಳುತ್ತದೆ. ಬಯಸಿದ ಪದವು ಅರ್ಥದಿಂದ ಹೊಂದುವಂತಿರುವುದು ಯೋಗ್ಯತೆ. ‘ಬೆಂಕಿಯಿಂದ ನೆನೆಸು’ ಎಂಬುದರಲ್ಲಿ ಆಕಾಂಕ್ಷೆ ತುಂಬಿದೆ, ಯೋಗ್ಯತೆಯಿಲ್ಲ. ಎರಡೂ ಪದಗಳು ಒಂದರ ಬಳಿ ಒಂದು ಉಚ್ಚರಿತವಾಗುವುದು ಸನ್ನಿಧಿ. ಕಾವ್ಯಮೀಮಾಂಸೆಯ ಪ್ರಶ್ನೆಪತ್ರಿಕೆಯಲ್ಲಿ ಐದು ಅಂಕದ ಟಿಪ್ಪಣಿಯಾಗಿ ಉಳಿದಿರುವ ಈ ಮೂರು ಮಾತುಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಮುಂದೆ ಓದಿರಿ.

ಒಂದು ಸೂಚನೆ. ನಮ್ಮ ವಾರ್ತಾಪತ್ರಿಕೆ ಪೂರ್ಣ ಕನ್ನಡ ಲಿಪಿಯಲ್ಲಿ ಅಚ್ಚಾಗುವುದರಿಂದ ರೋಮನ್ ಅಕ್ಷರಗಳ ಹೆಸರುಗಳನ್ನು ಕನ್ನಡದಲ್ಲಿಯೇ ಬರೆದಿದ್ದೇನೆ. ‘-ಎನ್’ ಎಂದಿರುವಲ್ಲಿ ಒಂದು ಅಡ್ಡಗೆರೆ ಮತ್ತು ಒಂದೇ ರೋಮನ್ ಅಕ್ಷರ ಎಂದು ತಿಳಿಯಬೇಕು. ಎರಡು ಮೂರು ಹೆಸರುಗಳು ಕೂಡಿದ್ದರೆ ಅಷ್ಟೇ ಅಕ್ಷರಗಳು ಕೂಡಿವೆ ಎಂದು ಎಣಿಸಬೇಕು.

ಉದಾಹರಣೆಗಾಗಿ ‘ಪದಗಣನೆ’ ಎಂಬ ಪ್ರೋಗ್ರಾಂ ಇದೆಯೆಂದು ಕಲ್ಪಿಸಿಕೊಳ್ಳೋಣ. ಅದಕ್ಕೆ ಕೊಡುವ ಆಜ್ಞೆ ಇದು:

ಪದಗಣನೆ -ಎಸ್ -ಎನ್ 20 -ಓ ಪಟ್ಟಿ ಹಾಡುಗಳು

‘ಹಾಡುಗಳು’ ಎಂಬ ಕಡತದಲ್ಲಿರುವ ಪದಗಳನ್ನು ಎಣಿಸು, ಅಕಾರಾದಿಯಾಗಿ ವಿಂಗಡಿಸು, 20 ಸಾಲುಗಳನ್ನು ಮಾತ್ರ ಕೊಡು, ಫಲವನ್ನು ‘ಪಟ್ಟಿ’ ಎಂಬ ಕಡತದಲ್ಲಿ ಬರೆ ಎಂಬುದು ಇದರ ತಾತ್ಪರ್ಯ. ಇಲ್ಲಿ ‘ಪದಗಣನೆ’ ಕ್ರಿಯಾಪದದ ಸ್ಥಾನದಲ್ಲಿದೆ. ‘ಹಾಡುಗಳು’ ಕರ್ಮ. ‘-ಎಸ್’ ಕ್ರಿಯಾವಿಶೇಷಣ. ‘-ಎನ್’ ಮತ್ತು ‘-ಓ’ ತಮ್ಮ ಮುಂದಿನ ಪದದ ಸಂಬಂಧವನ್ನು ಹೇಳುವ ಪ್ರತ್ಯಯಗಳಂತಿವೆ. ವ್ಯತ್ಯಾಸವೆಂದರೆ ಕನ್ನಡದಲ್ಲಿಯೂ ಮರಾಠಿಯಲ್ಲಿಯೂ ಪ್ರತ್ಯಯವು ನಾಮಪದದ ಕೊನೆಗೆ ಅಂಟಿಕೊಳ್ಳುತ್ತದೆ, ಇಲ್ಲಿ ನಾಮಪದಕ್ಕಿಂತ ಮೊದಲೇ ಬಂದು ನಿಲ್ಲುತ್ತದೆ. ಅಡ್ಡಗೆರೆಯಿಂದ ಆರಂಭವಾಗುವ ಇಂತಹ ಪದಗಳಿಗೆ ಆಯ್ಕೆಗಳು ಎಂದು ಹೆಸರು.

ಪದವಿಭಾಗದ ಕೆಲಸವನ್ನು ಪ್ರೋಗ್ರಾಂ ಮಾಡುವುದಿಲ್ಲ. ಅದಕ್ಕೂ ನಮಗೂ ನಡುವೆ ಇರುವ ಶೆಲ್ ಎಂಬ ಮಧ್ಯವರ್ತಿ ಮಾಡುತ್ತದೆ. ಬಿಡುವು ಕಂಡಲ್ಲಿ ಪದವನ್ನು ತುಂಡರಿಸುವುದು ಅದರ ನಿಯಮ. ಕಡತದ ಹೆಸರು ‘ಬೀಸುವ ಪದ’ ಎಂದಿದ್ದರೆ ಉದ್ಧರಣ ಚಿಹ್ನೆಗಳ ಒಳಗಿಡಬೇಕು, ಇಲ್ಲದಿದ್ದರೆ ಅದು ಎರಡು ಹೆಸರುಗಳಾಗುತ್ತದೆ. ನಕ್ಷತ್ರ ಚಿಹ್ನೆ ಇದ್ದರೆ ಶೆಲ್ ಅದನ್ನು ತೆಗೆದು ಆ ಜಾಗದಲ್ಲಿ ಹೊಂದುವ ಕಡತಗಳ ಹೆಸರುಗಳನ್ನೆಲ್ಲ ಅನುಕ್ರಮವಾಗಿ ಜೋಡಿಸುತ್ತದೆ. ಪ್ರೋಗ್ರಾಮಿಗೆ ನಕ್ಷತ್ರ ಕಾಣುವುದೇ ಇಲ್ಲ. ಈ ಮಾತನ್ನು ನೆನಪಿಡಿ.

ಹೀಗೆ ಬಿಡಿಸಿದ ಪದಗಳು ಸಿ ಪ್ರೋಗ್ರಾಮಿನ ಮುಖ್ಯ ಕಾರ್ಯವಾದ ‘ಮೇನ್’ಗೆ ಎರಡು ವಸ್ತುಗಳಾಗಿ ತಲುಪುತ್ತವೆ. ‘ಆರ್ಗ್‌ಸಿ’ ಎಂಬುದು ಪದಗಳ ಸಂಖ್ಯೆ. ‘ಆರ್ಗ್‌ವಿ’ ಎಂಬುದು ಪದಗಳ ಸಾಲು. ಮೇಲಿನ ಆಜ್ಞೆಯಲ್ಲಿ ಸಂಖ್ಯೆ 7. ಎಣಿಕೆ ಸೊನ್ನೆಯಿಂದ ಆರಂಭವಾಗುವುದರಿಂದ ಸೊನ್ನೆಯ ಮನೆಯಲ್ಲಿ ‘ಪದಗಣನೆ’, 6ನೆಯ ಮನೆಯಲ್ಲಿ ‘ಹಾಡುಗಳು’. 7ನೆಯ ಮನೆಯಲ್ಲಿ ಸಾಲು ಮುಗಿಯಿತೆಂದು ತಿಳಿಸುವ ಶೂನ್ಯ ಸೂಚಕ. 20 ಎಂಬುದು ಕೂಡ ಇಲ್ಲಿ ಸಂಖ್ಯೆಯಲ್ಲ, 2 ಮತ್ತು 0 ಎಂಬ ಎರಡು ಅಕ್ಷರಗಳ ಪದ. ಅನ್ವಯ ಇನ್ನೂ ಆಗಿಲ್ಲ.

ಡೆನ್ನಿಸ್ ರಿಚ್ಚಿ ಬೆಲ್ ಪ್ರಯೋಗಾಲಯದಲ್ಲಿ ಸಿ ಭಾಷೆಯನ್ನು ರೂಪಿಸಿದ ಆರಂಭದ ವರ್ಷಗಳಲ್ಲಿ ಈ ಅನ್ವಯವನ್ನು ಪ್ರತಿಯೊಬ್ಬ ಪ್ರೋಗ್ರಾಂಕಾರನೂ ತನ್ನದೇ ರೀತಿಯಲ್ಲಿ ಮಾಡಿಕೊಳ್ಳುತ್ತಿದ್ದನು. ಕರ್ನಿಘನ್ ಮತ್ತು ರಿಚ್ಚಿ 1978ರಲ್ಲಿ ಪ್ರಕಟಿಸಿದ ಸಿ ಭಾಷೆಯ ಪ್ರಸಿದ್ಧ ಪಠ್ಯದಲ್ಲಿಯೂ ಅಡ್ಡಗೆರೆಯನ್ನು ಕೈಯಿಂದಲೇ ಗುರುತಿಸಿ ಅಕ್ಷರಗಳನ್ನು ಒಂದೊಂದಾಗಿ ಓದುವ ಪಾಠವಿದೆ. ಇದರ ಫಲವಾಗಿ ಒಂದು ಆಜ್ಞೆಯ ವ್ಯಾಕರಣ ಇನ್ನೊಂದಕ್ಕೆ ಹೊಂದದಂತಾಯಿತು. ಆ ಕಾಲದ ಅವಶೇಷಗಳು ಇಂದಿಗೂ ಉಳಿದಿವೆ. ಎಲ್ಲರೂ ಬಳಸಬಹುದಾದ ಸಿದ್ಧ ಕಾರ್ಯವಾಗಿ ‘ಗೆಟ್‌ಆಪ್ಟ್’ ಬಂದದ್ದು ಅನಂತರ. ಎಟಿ ಅಂಡ್ ಟಿ ಕಂಪನಿಯು 1985ರಲ್ಲಿ ಅದರ ಮೂಲಪಾಠವನ್ನು ಸಾರ್ವಜನಿಕ ಬಳಕೆಗೆ ಬಿಟ್ಟುಕೊಟ್ಟಿತು. ಮುಂದೆ ಪಾಸಿಕ್ಸ್ ಎಂಬ ಮಾನಕದಲ್ಲಿ ಅದು ಸೇರಿತು. ಆಯ್ಕೆಗಳನ್ನು ಬರೆಯುವ ನಿಯಮಗಳೂ ಅಲ್ಲಿ ಸೂತ್ರರೂಪದಲ್ಲಿ ದೊರೆಯುತ್ತವೆ. ಚದುರಿದ ಪ್ರಯೋಗಗಳ ಬಳಿಕ ಸೂತ್ರ ಬರುವುದು ವ್ಯಾಕರಣದ ವಿದ್ಯಾರ್ಥಿಗೆ ಹೊಸ ಸಂಗತಿಯಲ್ಲ.

ಗೆಟ್‌ಆಪ್ಟ್‌ಗೆ ನಾವು ಕೊಡುವುದು ಮೂರು ವಸ್ತುಗಳನ್ನು: ಪದಗಳ ಸಂಖ್ಯೆ, ಪದಗಳ ಸಾಲು, ಮತ್ತು ನಮ್ಮ ಭಾಷೆಯ ಆಯ್ಕೆಗಳನ್ನು ತಿಳಿಸುವ ಒಂದು ಸೂತ್ರ. ನಮ್ಮ ಪದಗಣನೆಯ ಸೂತ್ರ ಹೀಗಿರುತ್ತದೆ:

:ವಿಎಸ್ಎನ್:ಓ:

ವಿ, ಎಸ್, ಎನ್, ಓ ಎಂಬ ನಾಲ್ಕು ಆಯ್ಕೆಗಳು. ಎನ್ ಮತ್ತು ಓ ಬಳಿಯ ಎರಡು ಚುಕ್ಕೆಗಳೇ ಆಕಾಂಕ್ಷೆಯ ಚಿಹ್ನೆ. ‘ಎಸ್’ ತನ್ನಷ್ಟಕ್ಕೆ ಪೂರ್ಣ, ‘ಎನ್’ ಸಾಕಾಂಕ್ಷ. ಧಾತುವು ಅಕರ್ಮಕವೋ ಸಕರ್ಮಕವೋ ಎಂದು ಧಾತುಪಾಠದಲ್ಲಿ ಗುರುತು ಮಾಡಿದಂತೆ ಇದು. ಸೂತ್ರದ ಆದಿಯಲ್ಲಿರುವ ಚುಕ್ಕೆಗಳ ಕೆಲಸ ಬೇರೆ: ದೋಷ ಕಂಡಾಗ ಗೆಟ್‌ಆಪ್ಟ್ ತಾನಾಗಿ ಇಂಗ್ಲಿಷಿನಲ್ಲಿ ಗದರಿಸದೆ, ಆಕಾಂಕ್ಷೆ ತುಂಬದಿದ್ದರೆ ಎರಡು ಚುಕ್ಕೆಯ ಚಿಹ್ನೆಯನ್ನೂ ಅಪರಿಚಿತ ಅಕ್ಷರವಾದರೆ ಪ್ರಶ್ನೆಯ ಚಿಹ್ನೆಯನ್ನೂ ನಮಗೆ ಒಪ್ಪಿಸುತ್ತದೆ. ತಪ್ಪನ್ನು ಕನ್ನಡದಲ್ಲಿ ತಿಳಿಸುವ ಅವಕಾಶ ಹೀಗೆ ನಮ್ಮ ಕೈಗೆ ಬರುತ್ತದೆ. ಕನ್ನಡಕ್ಕಾಗಿ ಪ್ರೋಗ್ರಾಂ ಬರೆಯುವವರು ಇದನ್ನು ಮರೆಯಬಾರದು.

ಗೆಟ್‌ಆಪ್ಟ್‌ನ್ನು ಮತ್ತೆ ಮತ್ತೆ ಕರೆಯಬೇಕು. ಪ್ರತಿ ಕರೆಗೆ ಒಂದು ಆಯ್ಕೆಯ ಅಕ್ಷರ ಸಿಗುತ್ತದೆ. ಅದರ ಆಕಾಂಕ್ಷೆಯನ್ನು ತುಂಬಿದ ಪದ ‘ಆಪ್ಟ್‌ಆರ್ಗ್’ ಎಂಬ ಚರದಲ್ಲಿರುತ್ತದೆ. ದೋಷ ತಂದ ಅಕ್ಷರ ‘ಆಪ್ಟ್‌ಆಪ್ಟ್’ನಲ್ಲಿರುತ್ತದೆ. ಆಯ್ಕೆಗಳು ಮುಗಿದಾಗ ಋಣ ಒಂದು, ಅಂದರೆ -1, ಬರುತ್ತದೆ. ಆಗ ‘ಆಪ್ಟ್‌ಇಂಡ್’ ತೋರಿಸುವ ಮನೆಯಿಂದ ಕೊನೆಯವರೆಗಿನ ಪದಗಳು ಕರ್ಮಗಳು. ಇಲ್ಲಿ ಹೊಸಬರು ಬೀಳುವ ಒಂದು ಹಳ್ಳವಿದೆ. ಮರಳಿ ಬರುವುದು ಅಕ್ಷರವೇ ಅಲ್ಲವೆ ಎಂದುಕೊಂಡು ಅದನ್ನು ‘ಚಾರ್’ ಎಂಬ ಅಕ್ಷರ ಜಾತಿಯ ಚರದಲ್ಲಿ ಇಟ್ಟುಬಿಡುತ್ತಾರೆ. ಕೆಲವು ಯಂತ್ರಗಳಲ್ಲಿ, ಉದಾಹರಣೆಗೆ ಆರ್ಮ್ ಸಂಸ್ಕಾರಕದ ಲಿನಕ್ಸ್‌ನಲ್ಲಿ, ಈ ಜಾತಿಗೆ ಋಣ ಸಂಖ್ಯೆಯೇ ಇಲ್ಲ. -1 ಎಂಬುದು 255 ಆಗಿ ಕೂರುತ್ತದೆ, ಮುಗಿಯಿತೆಂಬ ಸೂಚನೆ ಎಂದಿಗೂ ಸಿಗದೆ ಪ್ರೋಗ್ರಾಂ ಸುತ್ತುತ್ತಲೇ ಇರುತ್ತದೆ. ಚರವನ್ನು ‘ಇಂಟ್’ ಎಂದೇ ಘೋಷಿಸಬೇಕು.

ಈಗ ಸಮಾಸಕ್ಕೆ ಬರೋಣ. ‘ಕೆರೆಯೂ ಕಟ್ಟೆಯೂ ಬಾವಿಯೂ’ ಎಂಬುದು ‘ಕೆರೆಕಟ್ಟೆಬಾವಿಗಳು’ ಆದಾಗ ನಡುವಿನ ಪದಗಳ ಪ್ರತ್ಯಯ ಲೋಪವಾಗುತ್ತದೆ. ‘ಕೆರೆಕಟ್ಟೆಬಾವಿಗಳನ್ನು’ ಎಂದು ವಿಭಕ್ತಿಯನ್ನು ಹೊರುವುದು ಕೊನೆಯ ಪದ ಮಾತ್ರ. ಆಯ್ಕೆಗಳಲ್ಲಿಯೂ ಇದೇ ವಿಧಿ. ‘-ವಿ -ಎಸ್ -ಎನ್ 20’ ಎಂಬುದನ್ನು ‘-ವಿಎಸ್ಎನ್ 20’ ಎಂದು ಒಂದೇ ಅಡ್ಡಗೆರೆಯ ಕೆಳಗೆ ಕೂಡಿಸಬಹುದು. ಆದರೆ ಸಾಕಾಂಕ್ಷ ಅಕ್ಷರ ಕೊನೆಯಲ್ಲಿಯೇ ಇರಬೇಕು. ‘-ಎನ್ಎಸ್ 20’ ಎಂದರೆ ಎನ್ ತನ್ನ ಬಾಯಿಗೆ ಮೊದಲು ಸಿಕ್ಕಿದ್ದನ್ನು, ಅಂದರೆ ‘ಎಸ್’ ಎಂಬ ಅಕ್ಷರವನ್ನೇ, ತನ್ನ ಪೂರಣವಾಗಿ ತೆಗೆದುಕೊಳ್ಳುತ್ತದೆ; 20 ಅನಾಥವಾಗಿ ಕರ್ಮಗಳ ಗುಂಪಿಗೆ ಸೇರುತ್ತದೆ. ಕಡತಗಳನ್ನು ಒಂದೇ ಗಂಟಾಗಿ ಕಟ್ಟುವ ‘ಟಾರ್’ ಎಂಬ ಆಜ್ಞೆಯಲ್ಲಿ ಇದು ನಿತ್ಯದ ತಪ್ಪು. ಅದರಲ್ಲಿ ‘ಸಿ’ ಎಂದರೆ ಹೊಸ ಗಂಟು ಕಟ್ಟು, ‘ವಿ’ ಎಂದರೆ ಕಟ್ಟುತ್ತಿರುವುದನ್ನು ತೋರಿಸು, ‘ಎಫ್’ ಎಂದರೆ ಗಂಟಿನ ಹೆಸರು ಇದು. ‘-ಸಿವಿಎಫ್ ಗಂಟು’ ಸರಿ. ‘-ಸಿಎಫ್‌ವಿ ಗಂಟು’ ಎಂದು ಬರೆದರೆ ‘ವಿ’ ಎಂಬ ಒಂದಕ್ಷರದ ಹೆಸರಿನ ಗಂಟು ಹುಟ್ಟುತ್ತದೆ.

ಇದರಲ್ಲೊಂದು ಸ್ವಾರಸ್ಯವಿದೆ. ಟಾರ್ ಗೆಟ್‌ಆಪ್ಟ್‌ಗಿಂತ ಹಳೆಯ ಆಜ್ಞೆ. ಅಡ್ಡಗೆರೆಯನ್ನೇ ಹಾಕದೆ ‘ಟಾರ್ ಸಿಎಫ್‌ವಿ ಗಂಟು’ ಎಂದು ಹಳೆಯ ರೀತಿಯಲ್ಲಿ ಬರೆದರೆ ಅದು ಸರಿಯಾಗಿಯೇ ನಡೆಯುತ್ತದೆ. ಏಕೆಂದರೆ ಆ ರೀತಿಯಲ್ಲಿ ಅಕ್ಷರಗಳೆಲ್ಲ ಮೊದಲು, ಅವುಗಳ ಪೂರಣಗಳೆಲ್ಲ ಅದೇ ಅನುಕ್ರಮದಲ್ಲಿ ಆಮೇಲೆ. ಅಲಂಕಾರಶಾಸ್ತ್ರದಲ್ಲಿ ನೀವು ಓದಿದ ಯಥಾಸಂಖ್ಯದ ಕ್ರಮವೇ ಇದು. ಒಂದು ಅಡ್ಡಗೆರೆ ಬಂದರೆ ಸಮಾಸದ ನಿಯಮ, ಹೋದರೆ ಯಥಾಸಂಖ್ಯದ ನಿಯಮ!

ಆಕಾಂಕ್ಷೆಯ ಬಗ್ಗೆ ಇನ್ನೊಂದು ಮಾತು. ಗೆಟ್‌ಆಪ್ಟ್‌ನ ಆಕಾಂಕ್ಷೆ ಕುರುಡು. ‘ಪದಗಣನೆ -ಓ -ಎಸ್ ಹಾಡುಗಳು’ ಎಂದು ಬರೆದು ಓ ಬಳಿ ಹೆಸರು ಕೊಡಲು ಮರೆತರೆ ಅದು ದೋಷವೆಂದು ಹೇಳುವುದಿಲ್ಲ. ‘-ಎಸ್’ ಎಂಬುದನ್ನೇ ಹೆಸರೆಂದು ಸ್ವೀಕರಿಸಿ, ಆ ಹೆಸರಿನ ಕಡತವನ್ನು ಸೃಷ್ಟಿಸಲು ದಾರಿ ಮಾಡಿಕೊಡುತ್ತದೆ. ಆ ಕಡತವನ್ನು ಅಳಿಸಹೊರಟರೆ ಅಳಿಸುವ ಆಜ್ಞೆಯು ‘-ಎಸ್’ ಅನ್ನು ಹೆಸರೆಂದು ಒಪ್ಪದೆ ಆಯ್ಕೆಯೆಂದು ಓದುತ್ತದೆ. ಇಂತಹ ಸಂದರ್ಭಕ್ಕಾಗಿಯೇ ‘--’ ಎಂಬ ಜೋಡಿ ಅಡ್ಡಗೆರೆಯ ವಿರಾಮ ಚಿಹ್ನೆ ಇದೆ: ಇಲ್ಲಿಗೆ ಆಯ್ಕೆಗಳು ಮುಗಿದವು, ಮುಂದಿನವೆಲ್ಲ ಕರ್ಮಗಳು ಎಂದು ಅದರ ಅರ್ಥ.

ಸನ್ನಿಧಿಯ ನಿಯಮ ಸಾಮಾನ್ಯವಾಗಿ ಸಡಿಲು. ‘-ಎನ್ 20’ ಎಂದು ಬಿಡಿಸಿ ಬರೆಯಬಹುದು, ‘-ಎನ್20’ ಎಂದು ಕೂಡಿಸಿಯೂ ಬರೆಯಬಹುದು. ಆದರೆ ಗ್ನು ಗ್ರಂಥಾಲಯದಲ್ಲಿ ಐಚ್ಛಿಕ ಪೂರಣ ಎಂಬುದೊಂದಿದೆ. ಸೂತ್ರದಲ್ಲಿ ಆ ಅಕ್ಷರದ ಬಳಿ ಎರಡು ಚುಕ್ಕೆಗಳ ಚಿಹ್ನೆಯನ್ನು ಎರಡು ಬಾರಿ ಬರೆಯುತ್ತಾರೆ. ಪೂರಣ ಇರಬಹುದು, ಇಲ್ಲದಿರಬಹುದು. ಆಗ ಸನ್ನಿಧಿ ಕಡ್ಡಾಯವಾಗುತ್ತದೆ: ಪೂರಣವು ಅಕ್ಷರಕ್ಕೆ ಅಂಟಿಕೊಂಡೇ ಇರಬೇಕು. ಒಂದು ಬಿಡುವು ನಡುವೆ ಬಂದರೂ ಸಂಬಂಧ ಕಡಿದಂತೆ. ಬಯಕೆ ಖಚಿತವಿದ್ದಲ್ಲಿ ದೂರವನ್ನು ಸಹಿಸಬಹುದು, ಬಯಕೆಯೇ ಸಂಶಯಾಸ್ಪದವಾದಲ್ಲಿ ಸಾಮೀಪ್ಯವೊಂದೇ ಸಾಕ್ಷಿ.

ಪದಕ್ರಮದ ವಿಚಾರದಲ್ಲಿ ಎರಡು ಸಂಪ್ರದಾಯಗಳಿವೆ. ‘ರಾಮನು ಮರವನ್ನು ಕಡಿದನು’, ‘ಮರವನ್ನು ರಾಮನು ಕಡಿದನು’ ಎರಡೂ ಕನ್ನಡದಲ್ಲಿ ಸಾಧು, ಏಕೆಂದರೆ ಸಂಬಂಧವನ್ನು ವಿಭಕ್ತಿ ಹೇಳುತ್ತದೆ, ಸ್ಥಾನವಲ್ಲ. ನಿಮ್ಮಲ್ಲಿ ಮರಾಠಿ ವ್ಯಾಕರಣದ ‘ಸ, ಲಾ, ತೇ’ ಕಂಠಪಾಠ ಮಾಡಿದವರಿಗೂ ಇದು ಗೊತ್ತು. ಇಂಗ್ಲಿಷಿನಲ್ಲಿ ಸ್ಥಾನ ಬದಲಾದರೆ ಮರವೇ ರಾಮನನ್ನು ಕಡಿಯುತ್ತದೆ. ಪಾಸಿಕ್ಸ್ ಮಾನಕದ ಪ್ರಕಾರ ಆಯ್ಕೆಗಳೆಲ್ಲ ಮೊದಲು, ಕರ್ಮಗಳು ಆಮೇಲೆ; ಮೊದಲ ಕರ್ಮ ಕಂಡೊಡನೆ ಗೆಟ್‌ಆಪ್ಟ್ ನಿಲ್ಲುತ್ತದೆ. ಗ್ನು ಗೆಟ್‌ಆಪ್ಟ್ ಉದಾರಿ. ‘ಪದಗಣನೆ ಹಾಡುಗಳು -ಎಸ್’ ಎಂದರೂ ಅಡ್ಡಗೆರೆಯನ್ನು ವಿಭಕ್ತಿಯಂತೆ ಗುರುತಿಸಿ, ಪದಗಳ ಸಾಲನ್ನೇ ಮರುಜೋಡಿಸಿ, ಕರ್ಮಗಳನ್ನು ಕೊನೆಗೆ ಸರಿಸುತ್ತದೆ. ಇದೇ ಆಜ್ಞೆ ಮ್ಯಾಕ್ ಯಂತ್ರದಲ್ಲಿ ಹಾಗೆ ನಡೆಯದು. ಅಲ್ಲಿ ‘-ಎಸ್’ ಎಂಬುದು ಇನ್ನೊಂದು ಕಡತದ ಹೆಸರಾಗಿಬಿಡುತ್ತದೆ. ಆಯ್ಕೆಗಳನ್ನು ಮೊದಲೇ ಬರೆಯುವ ಅಭ್ಯಾಸ ಒಳ್ಳೆಯದು.

ನಕಲು ಮಾಡುವ ‘ಸಿಪಿ’ ಆಜ್ಞೆಯಲ್ಲಿ ಯಾವುದನ್ನು, ಯಾವುದಕ್ಕೆ ಎಂಬುದನ್ನು ಸ್ಥಾನವೇ ಹೇಳುತ್ತದೆ: ಕೊನೆಯ ಹೆಸರು ಗಮ್ಯ. ಗ್ನು ಸಿಪಿಯಲ್ಲಿ ‘-ಟಿ’ ಎಂಬ ಆಯ್ಕೆಯೂ ಇದೆ. ಅದರ ಮುಂದೆ ಬರೆದ ಕೋಶವೇ ಗಮ್ಯವೆಂದು ತಿಳಿಯಬೇಕು, ಅದು ಎಲ್ಲಿ ಬಂದರೂ ಸರಿ. ಅದನ್ನು ಚತುರ್ಥಿಯ ‘ಗೆ’ ಪ್ರತ್ಯಯವೆಂದೇ ನಾನು ಓದುತ್ತೇನೆ.

ಉಳಿದದ್ದು ಯೋಗ್ಯತೆ. ಗೆಟ್‌ಆಪ್ಟ್‌ಗೂ ಯೋಗ್ಯತೆಗೂ ಸಂಬಂಧವೇ ಇಲ್ಲ. ಎನ್ ಒಂದು ಪದವನ್ನು ಬಯಸಿತು, ಪದ ಸಿಕ್ಕಿತು, ಅಲ್ಲಿಗೆ ಅದರ ಕೆಲಸ ಮುಗಿಯಿತು. ಆ ಪದ ‘20’ ಆಗಿರಬಹುದು, ‘ಮಾವಿನಹಣ್ಣು’ ಆಗಿರಬಹುದು. ಪರೀಕ್ಷಿಸಬೇಕಾದವರು ಪ್ರೋಗ್ರಾಂ ಬರೆಯುವವರು. ಅನೇಕರು ಪದವನ್ನು ಸಂಖ್ಯೆಯಾಗಿಸಲು ‘ಎಟಾಯ್’ ಎಂಬ ಕಾರ್ಯವನ್ನು ಬಳಸುತ್ತಾರೆ. ಸಂಖ್ಯೆಯಲ್ಲದ ಪದ ಬಂದರೆ ಅದು ಸದ್ದಿಲ್ಲದೆ ಸೊನ್ನೆ ಕೊಡುತ್ತದೆ. ಬಂದ ಸೊನ್ನೆ ನಿಜವಾದ ಸೊನ್ನೆಯೋ ತಪ್ಪಿನ ಸೊನ್ನೆಯೋ ತಿಳಿಯದು. ಕನ್ನಡ ಬಳಕೆದಾರನು ಅಭ್ಯಾಸಬಲದಿಂದ ‘-ಎನ್ ೨೦’ ಎಂದು ಕನ್ನಡ ಅಂಕಿಗಳಲ್ಲಿ ಬರೆದರೆ ಎಟಾಯ್‌ಗೆ ಅದೂ ಸೊನ್ನೆಯೇ. ಪಟ್ಟಿ ಖಾಲಿ ಬರುತ್ತದೆ, ಕಾರಣ ಯಾರಿಗೂ ಹೊಳೆಯುವುದಿಲ್ಲ. ‘ಸ್ಟ್ರಟಾಲ್’ ಎಂಬ ಕಾರ್ಯ ಮೇಲು: ಸಂಖ್ಯೆ ಎಲ್ಲಿ ಮುಗಿಯಿತೆಂಬುದನ್ನು ಅದು ತೋರಿಸುತ್ತದೆ. ಪದ ಮುಗಿಯುವ ಮೊದಲೇ ಸಂಖ್ಯೆ ಮುಗಿದಿದ್ದರೆ, ಅಥವಾ ಆರಂಭವೇ ಆಗದಿದ್ದರೆ, ದೋಷವೆಂದು ಹೇಳಿ ನಿಲ್ಲಿಸಬಹುದು. ನಮ್ಮವರಿಗಾಗಿ ಬರೆಯುವ ಪ್ರೋಗ್ರಾಮಿನಲ್ಲಿ ಅದಕ್ಕೂ ಮೊದಲು ಕನ್ನಡ ಅಂಕಿಗಳನ್ನು ಬದಲಿಸಿಕೊಳ್ಳುವ ನಾಲ್ಕು ಸಾಲು ಬರೆಯುವುದು ಸೌಜನ್ಯ.

ಯೋಗ್ಯತೆಯ ಬಗ್ಗೆ ಇಷ್ಟು ಒತ್ತಿ ಹೇಳಲು ಕಾರಣವಿದೆ. ಹಲವು ವರ್ಷಗಳ ಹಿಂದೆ ಅಕ್ಕಲಕೋಟ, ಜತ್ತ, ದಕ್ಷಿಣ ಸೊಲ್ಲಾಪುರ ತಾಲೂಕುಗಳ ಹಳ್ಳಿಗಳಲ್ಲಿ ಕೇಳಿ ಬರೆದುಕೊಂಡ ಬೀಸುವ ಪದಗಳನ್ನು ತಾಲೂಕಿಗೊಂದು ಕಡತದಂತೆ ಗಣಕಕ್ಕೆ ಏರಿಸಿದ್ದೆ. ಎಲ್ಲವನ್ನೂ ಗಂಟು ಕಟ್ಟಿ ಪ್ರತಿಯೊಂದನ್ನು ಇಟ್ಟುಕೊಳ್ಳೋಣವೆಂದು ಒಂದು ಸಂಜೆ ಅವಸರದಲ್ಲಿ ಬರೆದ ಆಜ್ಞೆ ಇದು:

ಟಾರ್ -ಸಿಎಫ್ *

ಗಂಟಿನ ಹೆಸರನ್ನು ಬರೆಯಲು ಮರೆತಿದ್ದೆ. ಶೆಲ್ ನಕ್ಷತ್ರವನ್ನು ತೆಗೆದು ಅಲ್ಲಿ ಅಕ್ಕಲಕೋಟ, ಜತ್ತ, ದಕ್ಷಿಣ ಸೊಲ್ಲಾಪುರ ಎಂದು ಅಕಾರಾದಿಯಾಗಿ ಹೆಸರುಗಳನ್ನು ಜೋಡಿಸಿತು. ‘ಎಫ್’ ಎಂಬ ಸಾಕಾಂಕ್ಷ ಅಕ್ಷರಕ್ಕೆ ಮುಂದಿನ ಪದ ಸಿಕ್ಕಿತು: ಅಕ್ಕಲಕೋಟ. ಆಕಾಂಕ್ಷೆ ತುಂಬಿತು, ಸನ್ನಿಧಿ ಇತ್ತು, ವಾಕ್ಯ ವ್ಯಾಕರಣಶುದ್ಧವಾಗಿತ್ತು. ಟಾರ್ ಉಳಿದೆರಡು ಕಡತಗಳನ್ನು ಗಂಟು ಕಟ್ಟಿ, ಆ ಗಂಟನ್ನು ಅಕ್ಕಲಕೋಟದ ಕಡತದ ಮೇಲೆಯೇ ಬರೆಯಿತು. ಒಂದು ದೋಷಸೂಚನೆಯೂ ಬರಲಿಲ್ಲ. ಅಕ್ಕಲಕೋಟದ ಹಾಡುಗಳಲ್ಲಿ ಹೆಚ್ಚಿನವು ಒಬ್ಬ ಅಜ್ಜಿ ಹಾಡಿದವು. ಟಿಪ್ಪಣಿ ಪುಸ್ತಕದಲ್ಲಿ ಮೊದಲ ಸಾಲುಗಳನ್ನಷ್ಟೇ ಗುರುತು ಹಾಕಿಕೊಂಡು ಪೂರ್ಣ ಪಾಠವನ್ನು ನೇರವಾಗಿ ಗಣಕದಲ್ಲಿ ಬರೆದಿದ್ದೆ. ಮತ್ತೆ ಆ ಊರಿಗೆ ಹೋದಾಗ ಅಜ್ಜಿ ಇರಲಿಲ್ಲ. ಸೊಸೆಗೆ ನಾಲ್ಕು ಹಾಡುಗಳು ಬರುತ್ತಿದ್ದವು, ಅವನ್ನು ಬರೆದುಕೊಂಡು ಬಂದೆ.

ಟಾರ್‌ನ ತಪ್ಪೇನೂ ಇರಲಿಲ್ಲ. ಆದರೂ ಬರೆಯುವ ಕಡತ ಆಗಲೇ ಇದ್ದರೆ ಅದರ ಮೇಲೆ ಬರೆಯಲು ನಿರಾಕರಿಸುವ ಪ್ರೋಗ್ರಾಂ ಬರೆಯುವುದು ಕಷ್ಟವೇನಲ್ಲ. ಸಿ ಭಾಷೆಯ 2011ರ ಮಾನಕದಿಂದ, ಕಡತವನ್ನು ತೆರೆಯುವ ‘ಎಫ್‌ಓಪನ್’ ಕಾರ್ಯಕ್ಕೆ ಬರೆಯುವ ವಿಧಾನದ ಅಕ್ಷರದೊಡನೆ ‘ಎಕ್ಸ್’ ಎಂಬ ಅಕ್ಷರವನ್ನೂ ಕೊಡಬಹುದು. ಕಡತ ಮೊದಲೇ ಇದ್ದರೆ ತೆರೆಯುವಿಕೆ ವಿಫಲವಾಗುತ್ತದೆ. ನಮ್ಮ ಪದಗಣನೆಯ ‘-ಓ’ ಆಯ್ಕೆಗೆ ಇದು ಇರಲೇಬೇಕು. ಬೇಕೆಂದೇ ಅಳಿಸಿ ಬರೆಯುವವರಿಗೆ ಬೇರೊಂದು ಆಯ್ಕೆ ಕೊಡೋಣ.

ಕೊನೆಯದಾಗಿ, ಆಯ್ಕೆಗಳು ಕನ್ನಡದಲ್ಲಿಯೇ ಇರಬಹುದೆ? ಒಂದಕ್ಷರದ ಆಯ್ಕೆಯಾಗಿ ‘-ಅ’ ಎಂದು ಬರೆದರೆ ಗ್ನು ಗೆಟ್‌ಆಪ್ಟ್ ಅದನ್ನು ಓದಲಾರದು. ಯೂನಿಕೋಡಿನ ಯುಟಿಎಫ್-8 ರೂಪದಲ್ಲಿ ‘ಅ’ ಎಂಬುದು 224, 178, 133 ಎಂಬ ಮೂರು ಬೈಟುಗಳು. ಗೆಟ್‌ಆಪ್ಟ್ ಬೈಟಿಗೊಂದು ಅಕ್ಷರವೆಂದು ತಿಳಿದು, ಮೂರು ಅಪರಿಚಿತ ಅಕ್ಷರಗಳ ಸಮಾಸವನ್ನಾಗಿ ಅದನ್ನು ಬಿಡಿಸುತ್ತದೆ. ಕನ್ನಡದ ಎಲ್ಲ ಅಕ್ಷರಗಳ ಮೊದಲ ಬೈಟು 224 ಆದ್ದರಿಂದ ಒಂದಕ್ಕೂ ಇನ್ನೊಂದಕ್ಕೂ ಭೇದವೇ ಉಳಿಯದು. ದಾರಿ ಇರುವುದು ‘ಗೆಟ್‌ಆಪ್ಟ್ ಲಾಂಗ್’ ಎಂಬ ವಿಸ್ತೃತ ಕಾರ್ಯದಲ್ಲಿ. ಪಾಸಿಕ್ಸ್ ಮಾನಕದಲ್ಲಿ ಇಲ್ಲದಿದ್ದರೂ ಲಿನಕ್ಸ್‌ನಲ್ಲಿ ಇದು ಎಲ್ಲೆಡೆ ದೊರೆಯುತ್ತದೆ. ಜೋಡಿ ಅಡ್ಡಗೆರೆಯ ಬಳಿಕ ಪೂರ್ಣ ಪದವೇ ಆಯ್ಕೆಯ ಹೆಸರು. ಹೆಸರುಗಳನ್ನು ಬೈಟಿಗೆ ಬೈಟು ಹೋಲಿಸುವುದರಿಂದ ಭಾಷೆ ಯಾವುದಾದರೂ ಆದೀತು:

ಪದಗಣನೆ --ವಿಂಗಡಿಸು --ಸಾಲು=20 --ಕೊನೆ ಹಾಡುಗಳು

ಪ್ರತಿ ಹೆಸರಿಗೂ ಆಕಾಂಕ್ಷೆ ಇದೆಯೆ, ಇಲ್ಲವೆ, ಐಚ್ಛಿಕವೆ ಎಂಬುದನ್ನು ಒಂದು ಕೋಷ್ಟಕದಲ್ಲಿ ಬರೆಯಬೇಕು. ಜೊತೆಗೆ ಯಾವ ಒಂದಕ್ಷರಕ್ಕೆ ಇದು ಪರ್ಯಾಯಪದವೆಂಬುದನ್ನೂ. ‘--ಸಾಲು’ ಎಂದರೂ ‘-ಎನ್’ ಎಂದರೂ ಪ್ರೋಗ್ರಾಮಿಗೆ ಸಿಗುವುದು ಒಂದೇ ಅಕ್ಷರ.

ಎರಡು ಎಚ್ಚರಿಕೆಗಳಿವೆ, ಎರಡೂ ಕನ್ನಡ ಬಲ್ಲವರಿಗೆ ಮಾತ್ರ ಹೊಳೆಯುವಂಥವು. ಈ ಕಾರ್ಯವು ಹೆಸರಿನ ಆದಿಭಾಗವನ್ನು ಕೊಟ್ಟರೂ ಒಪ್ಪುತ್ತದೆ, ಅದು ಒಂದೇ ಹೆಸರಿಗೆ ಹೊಂದುವಂತಿದ್ದರೆ. ‘--ವಿವರ’ ಮತ್ತು ‘--ವಿಂಗಡಿಸು’ ಎರಡೂ ಇದ್ದಾಗ ‘--ವಿವ’ ಸ್ಪಷ್ಟ, ‘--ವಿ’ ಸಂದಿಗ್ಧ. ಆದರೆ ‘--ವ’ ಎಂದರೂ ಸಂದಿಗ್ಧವೆಂದೇ ಉತ್ತರ ಬರುತ್ತದೆ. ನಮ್ಮ ವರ್ಣವಿಚಾರದಲ್ಲಿ ‘ವ’ ಎಂದರೆ ವ್ ಮತ್ತು ಅ, ‘ವಿ’ ಎಂದರೆ ವ್ ಮತ್ತು ಇ. ‘ವ’ ಎಂಬುದು ‘ವಿ’ಯ ಆದಿಭಾಗವಲ್ಲ. ಯೂನಿಕೋಡಿನಲ್ಲಿ ‘ವಿ’ ಎಂಬುದು ‘ವ’ ಮತ್ತು ಗುಡಿಸು ಚಿಹ್ನೆ. ಆದ್ದರಿಂದ ಯಂತ್ರಕ್ಕೆ ಅದು ಆದಿಭಾಗವೇ. ಕೇಶಿರಾಜನು ಒಪ್ಪುತ್ತಿರಲಿಲ್ಲ. ಎರಡನೆಯದು ‘--ಕೊನೆ’ಯಂತಹ ಹೆಸರುಗಳದು. ‘ಕೊ’ ಎಂಬುದನ್ನು ಕಕಾರದ ಬಳಿ ಒತ್ವದ ಒಂದೇ ಚಿಹ್ನೆಯಿಟ್ಟು ಬರೆಯಬಹುದು. ಎತ್ವ ಮತ್ತು ಊತ್ವ ಚಿಹ್ನೆಗಳನ್ನು ಒಂದರ ಬಳಿ ಒಂದಿಟ್ಟೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ, ಬೈಟುಗಳು ಬೇರೆ. ‘--ಕೊನೆ ಎಂಬ ಆಯ್ಕೆ ಇಲ್ಲ’ ಎಂದು ಪ್ರೋಗ್ರಾಂ ಹೇಳಿದಾಗ ಬಳಕೆದಾರನು ಪರದೆಯನ್ನೂ ಕೈಪಿಡಿಯನ್ನೂ ಮತ್ತೆ ಮತ್ತೆ ಹೋಲಿಸಿ ನೋಡಿ ಹತಾಶನಾಗುತ್ತಾನೆ. ಇಂತಹ ಚಿಹ್ನೆಗಳಿಲ್ಲದ ಹೆಸರುಗಳನ್ನೇ ಆರಿಸುವುದು ಸುಲಭದ ಉಪಾಯ. ಹೋಲಿಕೆಗೆ ಮೊದಲು ಪದಗಳನ್ನು ಒಂದೇ ರೂಪಕ್ಕೆ ತರುವುದು ಶಾಸ್ತ್ರೀಯ ಉಪಾಯ.

ಅಭ್ಯಾಸಕ್ಕಾಗಿ ನಾಲ್ಕು ಆಜ್ಞಾವಾಕ್ಯಗಳನ್ನು ಕೊಟ್ಟಿದ್ದೇನೆ. ಮೇಲಿನ ಸೂತ್ರವನ್ನೇ ಇಟ್ಟುಕೊಂಡು, ಗ್ನು ಗೆಟ್‌ಆಪ್ಟ್ ಇವುಗಳಿಗೆ ಯಾವ ಅನ್ವಯ ಮಾಡುತ್ತದೆಂದು ಬರೆಯಿರಿ. ಆಕಾಂಕ್ಷೆ, ಸನ್ನಿಧಿ, ಯೋಗ್ಯತೆಗಳಲ್ಲಿ ಯಾವುದು ಎಲ್ಲಿ ತಪ್ಪಿದೆಯೆಂದು ಸೂಚಿಸಿರಿ. ಒಂದರಲ್ಲಿ ಯಾವ ದೋಷವೂ ಇಲ್ಲ.

ಪದಗಣನೆ -ಎಸ್ಎನ್20 ಹಾಡುಗಳು
ಪದಗಣನೆ -ಎನ್ಎಸ್ 20 ಹಾಡುಗಳು
ಪದಗಣನೆ -ಓ -ಎನ್ 20 ಹಾಡುಗಳು
ಪದಗಣನೆ -ವಿ ಹಾಡುಗಳು -ಎನ್

ಉತ್ತರಗಳನ್ನು ಮುಂದಿನ ಶನಿವಾರದೊಳಗೆ ವಿಭಾಗಕ್ಕೆ ತಲುಪಿಸಿದರೆ ತಿದ್ದಿ ಕೊಡುತ್ತೇನೆ.